ಧಣಿಯ ಎದುರು ಕುಂತ ಪಕ್ಕೀರಪ್ಪ

ಗವಿಸಿದ್ದಪ್ಪ ಓಡಿಬಂದವನೇ ಟಾಂಗಾದ ಕುದುರೆಯ ಲಗಾಮಿಗೆ ಕೈ ಹಾಕಿದ. ಕುದುರೆ ಬೆಚ್ಚಿ ಕತ್ತೆತ್ತಿತು. ಒಳಗೆ ಕೂತಿದ್ದ ಉಸ್ಮಾನಸಾಬನ ಕೈಲಿದ್ದ ಮೈಕು ಅವನ ಹಲ್ಲಿಗೇ ಬಡಿದು, ಆ ಸದ್ದು ತೆಕ್ಕಲಕೋಟೆಯ ಪೇಟೆಗೆಲ್ಲ ಕೇಳಿಸಿತು.

"ಬಂದ್ ಮಾಡ್ರಿ ಸಾಬ್ರ ಅದನ್ನ! ಏನ್ ಒದರಾಕತ್ತೀರಿ?"

"ಸಾವಿನ ಸುದ್ದಿನೋ ತಮ್ಮಾ. ನಿಮ್ಮ ಮಾವ ಎರ್ರಿಸ್ವಾಮಿನ ಹೇಳಿ ಕಳಿಸ್ಯಾನ."

"ನಮ್ಮಪ್ಪನ ಹೆಸರು ಪಕ್ಕೀರಪ್ಪ. 'ನಮ್ಮ ನಿಮ್ಮೆಲ್ಲರ ಹೌದುಧಣಿ ತೀರಿಕೊಂಡಾರ' ಅಂತೀರಲ್ಲ, ನಾಚಿಕಿ ಬರೂದಿಲ್ಲ ನಿಮಗ?"

ಟೆಂಟಿನಲ್ಲಿ ಸಿನಿಮಾ ಬದಲಾದಾಗಲೆಲ್ಲ ಬೀದಿ ಬೀದಿ ಕೂಗಿ ಗಂಟಲು ಸವೆಸಿದವನು ಉಸ್ಮಾನಸಾಬ್. ಸಾವನ್ನೂ ಅದೇ ರಾಗದಲ್ಲಿ ಕೂಗುತ್ತಿದ್ದ. ಅವನಿಗೆ ಬೇರೆ ರಾಗ ಬರುತ್ತಿರಲಿಲ್ಲ. ತುಟಿ ಒರೆಸಿಕೊಂಡು ಸಮಾಧಾನದಿಂದಲೇ ಹೇಳಿದ.

"ಮೊದಲು ಪಕ್ಕೀರಪ್ಪ ಅಂತಾನ ಕೂಗಿದ್ನೆಪ್ಪಾ. ಅಗಸಿ ತನಕ ಕೂಗಿದೆ. ಒಂದು ನರಪಿಳ್ಳಿ ಹೊರಗ ಬರಲಿಲ್ಲ. ಯಾವ ಪಕ್ಕೀರಪ್ಪ, ಗಾಣದಾವನೇನು, ಕುರಿಯಾವನೇನು ಅಂತ ನನ್ನನ್ನ ಕೇಳಿದ್ರು. ಹೌದುಧಣಿ ಅಂದೆ ನೋಡು, ಹೆಣ್ಮಕ್ಕಳು ರೊಟ್ಟಿ ಬಡಿಯೂದು ಬಿಟ್ಟು ಹೊರಗ ಬಂದ್ರು."

"ಬಂದು ಏನ್ ಮಾಡಿದ್ರು? ನಕ್ಕರು, ಹೌದಿಲ್ಲೋ?"

"ಮೊದಲ ನಕ್ಕರು. ಆಮ್ಯಾಲ ಅತ್ತರು. ಸಾವಿನ ಸುದ್ದ್ಯಾಗ ಸುಳ್ಳ್ಯಾಕ ಹೇಳ್ಲಿ?"

ಗವಿಸಿದ್ದಪ್ಪ ಲಗಾಮು ಬಿಟ್ಟ. ಅಂಗೈಗೆ ಕುದುರೆಯ ಜೊಲ್ಲು ಅಂಟಿತ್ತು. ಅದನ್ನು ಧೋತರಕ್ಕೆ ಒರೆಸುತ್ತ, "ಇನ್ನೊಮ್ಮೆ ಆ ಹೆಸರು ಕೂಗಿದ್ರ ಮೈಕು ಕಿತ್ತು ಬಾವಿಗೆ ಒಗೀತೀನಿ" ಎಂದು ಮನೆಯ ದಾರಿ ಹಿಡಿದ. ಬೆನ್ನ ಹಿಂದೆ ಸ್ವಲ್ಪ ಹೊತ್ತು ಮೈಕು ಸುಮ್ಮನಿತ್ತು. ಅವನು ಓಣಿ ತಿರುಗಿದ ಮೇಲೆ ಮತ್ತೆ ಶುರುವಾಯಿತು. ಹೆಸರು ಯಾವುದೆಂದು ಕೇಳಿಸದಂತೆ ಅವನು ಬಿರಬಿರನೆ ನಡೆದ.

ಮನೆಯ ಮುಂದಿನ ಕಟ್ಟೆಯ ಮೇಲೆ, ಗೋಡೆಗೆ ಆನಿಸಿ ಅಪ್ಪನನ್ನು ಕೂರಿಸಿದ್ದರು. ಕೋಳಿ ಕೂಗುವ ಹೊತ್ತಿಗೆ ಜೀವ ಹೋಗಿತ್ತು. ಮೈ ಇನ್ನೂ ಮೆತ್ತಗಿರುವಾಗಲೇ ಗವಿಸಿದ್ದಪ್ಪ ತಾನೇ ಮೈ ತೊಳೆದು, ಹಣೆ ತುಂಬ ವಿಭೂತಿ ಬಳಿದು, ಚಕ್ಕಂಬಕ್ಕಳ ಹಾಕಿಸಿ, ಎರಡೂ ಕೈ ಮೊಣಕಾಲ ಮೇಲೆ ಇಟ್ಟಿದ್ದ. ಎದೆ ಮುಂದಾಗಿ, ಗಲ್ಲ ಮೇಲಾಗಿ, ಹೊಲಮನೆ ಇದ್ದ ಯಜಮಾನ ಕುಂತ ಹಾಗೆ ಕಾಣುತ್ತಿತ್ತು. ಬದುಕಿದ್ದಾಗ ಅಪ್ಪ ಹಾಗೆ ಕುಂತದ್ದನ್ನು ಅವನು ನೋಡಿರಲಿಲ್ಲ. ಇವತ್ತೊಂದು ದಿನ ಈ ಮನುಷ್ಯ ಪಕ್ಕೀರಪ್ಪನಾಗಿ ಮಣ್ಣಿಗೆ ಹೋಗಬೇಕು, ಹೌದುಧಣಿಯಾಗಿ ಅಲ್ಲ. ಅವನಿಗೆ ಬೇಕಿದ್ದದ್ದು ಅಷ್ಟೇ.

"ಸಾವಂತ್ರಿ ಬಳ್ಳಾರಿ ಬಸ್ಸಿಗೆ ಬರೂತನಕ ಎತ್ತೂದು ಬ್ಯಾಡ" ಎಂದ ಸೋದರಮಾವ ಎರ್ರಿಸ್ವಾಮಿ. "ಮಗಳು ಮಕಾ ನೋಡ್ಲಿ. ಅಷ್ಟರಾಗ ಧಣೇರೂ ಬಂದು ಹೋಗ್ತಾರ."

"ಧಣೇರಿಗೆ ಯಾರು ಹೇಳಿದ್ರು?"

"ಯಾರು ಹೇಳಬೇಕಲೇ? ಅವರ ಮನ್ಯಾಗ ಮೂವತ್ತು ವರ್ಷ ನಿಂತ ಮನುಷ್ಯ."

ನಿಂತ ಎಂಬ ಮಾತು ಗವಿಸಿದ್ದಪ್ಪನಿಗೆ ಮುಳ್ಳಿನಂತೆ ನೆಟ್ಟಿತು.

*

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಸಿನಿಮಾದವರು ಕುರುಗೋಡಿಗೆ ಬಂದಿದ್ದರು. ಇಲ್ಲದ ಕೆರೆಗೆ ಏರಿ ಕಟ್ಟಿಸುವ ಪಂಚಾಯ್ತಿ ಅಧ್ಯಕ್ಷನೊಬ್ಬನ ನಗೆ ಕತೆ. ಚಿದಾನಂದಪ್ಪ ಧಣಿ ಅವರಿಗೆ ಜೀಪು ಕೊಟ್ಟರು, ತೇಗದ ಕುರ್ಚಿ ಕೊಟ್ಟರು, ಜೊತೆಗೆ ಪಕ್ಕೀರಪ್ಪನನ್ನೂ ಕೊಟ್ಟರು. ಕುರ್ಚಿ ಹೊತ್ತುತಂದವನು ಅದನ್ನು ಬಂಡೆಯ ನೆರಳಲ್ಲಿ ಇಟ್ಟು, ಅಭ್ಯಾಸಬಲದಿಂದ ಅದರ ಹಿಂದೆ ಕೈಕಟ್ಟಿ ನಿಂತ. ಕುರ್ಚಿ ಖಾಲಿಯಿತ್ತು. ಆದರೂ ನಿಂತ.

ಡೈರೆಕ್ಟರು ಅದನ್ನು ನೋಡಿ ಬಿದ್ದು ಬಿದ್ದು ನಕ್ಕರು. ಅಧ್ಯಕ್ಷನ ಹಿಂಬಾಲಕನ ಪಾತ್ರಕ್ಕೆ ಬೆಂಗಳೂರಿನಿಂದ ಕರೆತಂದಿದ್ದ ನಟನನ್ನು ಪಕ್ಕಕ್ಕೆ ನಿಲ್ಲಿಸಿ, ಪಕ್ಕೀರಪ್ಪನಿಗೆ ಹೇಳಿದರು.

"ನೀನು ಏನೂ ಮಾಡಬೇಡ ಕಣಯ್ಯಾ. ದಿನಾ ಹೇಗೆ ನಿಲ್ತೀಯೋ ಹಾಗೆ ನಿಲ್ಲು. ಅವರು ಏನು ಹೇಳಿದರೂ 'ಹೌದು ಧಣಿ' ಅನ್ನು."

"ಹೌದು ಧಣಿ" ಎಂದ ಪಕ್ಕೀರಪ್ಪ.

ಮರುವರ್ಷ ಆ ಸಿನಿಮಾ ತೆಕ್ಕಲಕೋಟೆಯ ಟೆಂಟಿಗೆ ಬಂತು. ಊರಿಗೆ ಊರೇ ನೆರೆದಿತ್ತು. ಮುಂದೆ ಧಣಿಗೆ ಕುರ್ಚಿ ಹಾಕಿದ್ದರು. ಪರದೆಯ ಮೇಲೆ ತನ್ನದೇ ಮುಖ ಬರುವ ದಿನವೂ ಪಕ್ಕೀರಪ್ಪ ಅದರ ಹಿಂದೆಯೇ ನಿಂತಿದ್ದ. ನೆಲದ ಮೇಲೆ ಕೂತಿದ್ದ ಹತ್ತು ವರ್ಷದ ಗವಿಸಿದ್ದ ಪಕ್ಕದ ಹುಡುಗರಿಗೆಲ್ಲ, "ಈಗ ಬರ್ತಾನ ನೋಡ್ರಲೇ ನಮ್ಮಪ್ಪ" ಎಂದು ಸಾರುತ್ತಿದ್ದ. ಆವತ್ತು ಸಂಜೆಯ ತನಕ ಅವನಂಥ ಜಂಬದ ಹುಡುಗ ಊರಲ್ಲಿರಲಿಲ್ಲ.

ಅಪ್ಪ ಬಂದ. ಅಧ್ಯಕ್ಷ ಒಣಭೂಮಿಯನ್ನು ತೋರಿಸಿ, "ನೀರು ಎಷ್ಟು ತಿಳಿ ಐತಲ್ಲೇನಲೇ?" ಎಂದ. ಅದೇ ಹೊತ್ತಿಗೆ ಧಣಿ ಹೊಟ್ಟೆ ಹಿಡಿದು ನಗುತ್ತ, ಹಿಂದಕ್ಕೆ ತಿರುಗಿ ಕೇಳಿದರು: "ಎಂಥಾ ದಡ್ಡ ಅದಾನಲೇ ಪಕ್ಕೀರಾ, ಈ ಅಧ್ಯಕ್ಷ!"

"ಹೌದು ಧಣಿ."

ಪರದೆಯ ಮೇಲಿನ ಬಾಯೂ ಕುರ್ಚಿಯ ಹಿಂದಿನ ಬಾಯೂ ಒಂದೇ ಸಲ ಅಂದವು. ಕೈ ಕಟ್ಟಿದ್ದ ರೀತಿ ಒಂದೇ, ಬಾಗಿದ ಕತ್ತು ಒಂದೇ. ಆಗ ಎದ್ದ ನಗೆಗೆ ಟೆಂಟಿನ ಗೂಟ ಕಿತ್ತುಹೋಗಬೇಕಿತ್ತು. ಆ ಅಧ್ಯಕ್ಷನಂತೆ ತಾವೂ ನಗೆಪಾಟಲಾದದ್ದು ಧಣಿಗೆ ಹೊಳೆಯಲೇ ಇಲ್ಲ, ಅವರು ಎಲ್ಲರಿಗಿಂತ ಜೋರಾಗಿ ನಕ್ಕರು. ಅಪ್ಪನೂ ಎಲ್ಲರ ಜೊತೆ ಹಲ್ಲು ಬಿಟ್ಟ. ಗವಿಸಿದ್ದ ಮೊಣಕಾಲ ನಡುವೆ ತಲೆ ಹುದುಗಿಸಿಕೊಂಡ.

ಮರುದಿನದಿಂದ ಸಾಲೆಯಲ್ಲಿ ಅವನ ಹೆಸರು ಹೌದುಧಣಿ ಮಗ. ಮಾಸ್ತರು ಏನು ಕೇಳಿದರೂ "ಹೌದು ಸಾರ್" ಅನ್ನುವ ಹಾಗೂ ಇರಲಿಲ್ಲ.

*

ಹೊತ್ತು ಮಾರುದ್ದ ಏರುವಷ್ಟರಲ್ಲಿ ಜೀಪು ಬಂತು. ಮಂದಿ ತಾವಾಗಿ ದಾರಿ ಬಿಟ್ಟರು. ಚಿದಾನಂದಪ್ಪ ಧಣಿ ಕೋಲೂರುತ್ತ ಇಳಿದು, ಕಟ್ಟೆಯ ಕೆಳಗೆ ಬಂದು ನಿಂತರು. ವಯಸ್ಸಾಗಿತ್ತು, ಕಾಲು ನಡುಗುತ್ತಿತ್ತು. ಆ ಮನೆಯಲ್ಲಿ ಕುರ್ಚಿ ಇರಲಿಲ್ಲ. ಪಕ್ಕೀರಪ್ಪ ಕಟ್ಟೆಯ ಮೇಲೆ ಕೂತಿದ್ದ. ಧಣಿ ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಬೇಕಾಯಿತು.

ಗವಿಸಿದ್ದಪ್ಪ ಇದನ್ನು ಕಣ್ತುಂಬ ನೋಡಿದ. ಇಂಥದ್ದೊಂದು ಗಳಿಗೆಗಾಗಿಯೇ ತಾನು ಹುಟ್ಟಿದೆನೇನೋ ಅನ್ನಿಸಿತು ಅವನಿಗೆ.

"ಏನಲೇ ಪಕ್ಕೀರಾ" ಎಂದರು ಧಣಿ. "ಒಂದು ಮಾತು ಹೇಳದಂಗ ಹೊಂಟೆಲ್ಲೋ."

ಅಂಗಳದ ಮಂದಿಯೆಲ್ಲ ಹೆಣದ ಬಾಯಿಯನ್ನೇ ನೋಡುತ್ತಿದ್ದರು. ಆ ಎರಡು ಮಾತು ಬರುವುದಿಲ್ಲವೆಂದು ಗೊತ್ತಿದ್ದೂ ಕಾದರು.

ಅವ್ವ ಕೊಟ್ರಬಸಮ್ಮ ದಡಬಡಿಸಿ ಎದ್ದಳು. ತಲೆಯ ಮೇಲೆ ಸೆರಗೆಳೆದುಕೊಂಡು, ಅಳು ನುಂಗಿಕೊಂಡು, ಮನೆಗೆ ಬಂದವರ ಮುಂದೆ ತಪ್ಪಾದವಳಂತೆ ಅಂದಳು:

"ತಪ್ಪು ತಿಳ್ಕೋಬ್ಯಾಡ್ರಿ ಧಣಿ. ಕುಂತಾನ. ನಿಮ್ಮ ಮುಂದ ಎಂದೂ ಕುಂತಾವನಲ್ಲ. ಅಯ್ನೋರು ಹೇಳಿದ್ರು, ಕುಂದರಸಬೇಕಂತ. ನಮ್ಮ ಪದ್ಧತಿ ಐತಲ್ರಿ..."

"ಇರ್ಲಿ ಬಿಡಬೇ" ಎಂದರು ಧಣಿ. ಅವರು ತಮಾಷೆಗೆ ಅನ್ನಲಿಲ್ಲ. ನಿಜವಾಗಿಯೇ ಕ್ಷಮಿಸಿದ್ದರು.

ಆದರೂ ಅವ್ವನಿಗೆ ಸಮಾಧಾನವಾಗಲಿಲ್ಲ. ಗಂಡನ ಕೈಗಳನ್ನು ಮೊಣಕಾಲಿಂದ ಎತ್ತಿ ಎದೆಯ ಹತ್ತಿರ ಜೋಡಿಸಿದಳು. ಬಿಟ್ಟಕೂಡಲೇ ಜಾರಿದವು. ಮತ್ತೆ ಜೋಡಿಸಿದಳು. ಕಡೆಗೆ ಸೆರಗಿನ ಅಂಚು ಹಲ್ಲಲ್ಲಿ ಕಚ್ಚಿ ಪರ್ರನೆ ಹರಿದು, ಆ ಚಿಂದಿಯಿಂದ ಎರಡೂ ಮುಂಗೈ ಸೇರಿಸಿ ಕಟ್ಟತೊಡಗಿದಳು.

ಗವಿಸಿದ್ದಪ್ಪನ ರಕ್ತ ತಲೆಗೇರಿತು. "ಯವ್ವಾ, ಬಿಡು!" ಎಂದು ಕಟ್ಟೆ ಹತ್ತಲು ಕಾಲಿಟ್ಟ.

"ಗವಿಸಿದ್ದ ಅಲ್ಲೇನಲೇ ನೀನು?" ಧಣಿ ಕೋಲು ತೋರಿಸಿ ಕೇಳಿದರು. "ಬಳ್ಳಾರಿ ಬ್ರೂಸ್‌ಪೇಟ್ಯಾಗ ನಮ್ಮ ಬೀಗರ ಅಂಗಡ್ಯಾಗ ಗುಮಾಸ್ತ ಅದೀ. ನಿಮ್ಮಪ್ಪ ಕಾಲು ಹಿಡಕೊಂಡ ಅಂತ ನಾನ ಹೇಳಿ ಹಚ್ಚಿಸಿದ್ದು. ನೆಪ್ಪೈತಿಲ್ಲೋ?"

ಅಪ್ಪ ಕಾಲು ಹಿಡಿದದ್ದು ಅವನಿಗೆ ಗೊತ್ತಿರಲಿಲ್ಲ. ಓದಿದ್ದೇನೆ, ಅಕ್ಷರ ದುಂಡಗಿದೆ, ಅದಕ್ಕೇ ಸಾಹುಕಾರರು ಇಟ್ಟುಕೊಂಡರು ಎಂದುಕೊಂಡಿದ್ದ. ಉತ್ತರ ಹುಡುಕುವಷ್ಟರಲ್ಲಿ ಕಾಲು ತಾನಾಗಿ ಕಟ್ಟೆಯಿಂದ ಇಳಿಯಿತು, ಕೈ ತಾನಾಗಿ ಕಟ್ಟಿಕೊಂಡಿತು.

"ಹೌದು ಧಣಿ."

ಹೆಂಗಸರ ಗುಂಪಲ್ಲಿ ಯಾರೋ ಕಿಸಕ್ಕೆಂದು, ಅದನ್ನು ಕೆಮ್ಮಾಗಿ ಮಾಡಿದರು. ಎರ್ರಿಸ್ವಾಮಿ ನೆಲ ನೋಡಿದ. ಗವಿಸಿದ್ದಪ್ಪನ ಕಿವಿ ಕಾದ ಹಂಚಿನಂತಾದವು. ಇಷ್ಟು ದಿನ ಕೋಪವೇ ಅವನನ್ನು ಕಾಪಾಡಿಕೊಂಡು ಬಂದಿತ್ತು, ಈಗ ಅದೂ ಬರಲಿಲ್ಲ. ಕಟ್ಟೆಯ ಮೇಲೆ ಅವ್ವ ಗಂಟು ಬಿಗಿದಳು.

*

ಸಾವಂತ್ರಮ್ಮ ಬಂದು ಅತ್ತು ಮುಗಿಸಿ, ಭಜನೆಯವರು ಕೂಡಿ, ಹೆಣ ಎತ್ತುವಾಗ ಬಿಸಿಲು ಇಳಿದಿತ್ತು. ಕುಣಿಯೊಳಗಿನ ಗೂಡಿನಲ್ಲಿ ಕೂರಿಸಲು ಗವಿಸಿದ್ದಪ್ಪ ತಾನೇ ಇಳಿದ.

ಮೇಲಿನಿಂದ ಅಯ್ಯನವರು ಹೇಳಿದರು: "ಎಡಗೈ ಅಂಗೈಯಾಗ ಲಿಂಗ ಇಡಬೇಕಪ್ಪಾ. ಕೈ ಬಿಡಸು."

ಅವನು ಚಿಂದಿಯ ಗಂಟಿಗೆ ಹಲ್ಲು ಹಾಕಿ ಬಿಚ್ಚಿದ. ಗಂಟು ಬಿಚ್ಚಿತು. ಕೈ ಬಿಡಲಿಲ್ಲ. ಕಟ್ಟಿಗೆಯಂತೆ ಸೆಟೆದು, ಎದೆಯ ಮುಂದೆ ಮುಗಿದಂತೆಯೇ ನಿಂತಿದ್ದವು. ಎಳೆದ. ಇಡೀ ಮೈ ಮುಂದಕ್ಕೆ ಬಂತು, ಕೈ ಬಿಡಲಿಲ್ಲ.

"ಇರ್ಲಿ ಬಿಡೋ" ಎಂದ ಎರ್ರಿಸ್ವಾಮಿ. "ಲಿಂಗ ಕೊಳ್ಳಾಗ ಕಟ್ಟಿದ್ರೂ ನಡಿತೈತಿ ಅಂತಾರ ಅಯ್ನೋರು. ಹೊತ್ತು ಮುಳುಗಾಕ ಬಂತು, ಮಂದಿ ಕಾದಾರ. ಹತ್ತು ಮ್ಯಾಲ."

ಗವಿಸಿದ್ದಪ್ಪ ಹತ್ತಲಿಲ್ಲ. ಅಪ್ಪನ ಎದುರಿಗೆ, ಹಸಿಮಣ್ಣಿನಲ್ಲಿ ಮಂಡಿಯೂರಿ ಕುಂತ. ಆ ಕೈಗಳನ್ನು ತನ್ನ ಎರಡೂ ಅಂಗೈ ನಡುವೆ ಹಿಡಿದು ತಿಕ್ಕಿದ, ಬಾಯಿಂದ ಬಿಸಿಯುಸಿರು ಊದಿದ, ಮತ್ತೆ ತಿಕ್ಕಿದ. ಮೇಲೆ ಯಾರೋ ಗುದ್ದಲಿಗೆ ಅಂಟಿದ ಮಣ್ಣು ಕೊಡವಿದರು, ಅದು ಅವನ ಬೆನ್ನಿನ ಮೇಲೆ ಉದುರಿತು. ಅವನು ಎಡಗೈಯ ಕಿರುಬೆರಳಿನ ಕೆಳಗೆ ತನ್ನ ಹೆಬ್ಬೆರಳು ತೂರಿಸಿ, ಎಳೆಗರುವಿನ ಬಾಯಿ ಬಿಡಿಸುವವನಂತೆ ಮೆಲ್ಲಗೆ ಮೀಟಿದ. ಒಣಗಿದ ಜೋಳದ ದಂಟು ಮುರಿದಂತೆ ಸಣ್ಣ ಸದ್ದಾಯಿತು. ಆ ಒಂದು ಬೆರಳು ಬಿಚ್ಚಿತು. ಅವನು ಅದನ್ನು ಹಾಗೆಯೇ ಒತ್ತಿ ಹಿಡಿದುಕೊಂಡು, ಅದರ ಪಕ್ಕದ ಬೆರಳಿಗೆ ಕೈ ಹಾಕಿದ.