ದಮ್ಮಿಗೆ ಕೂತ ಪೇಜು

"ಇದು ಲಗ್ನದ ಅಡಿಗಿ ಮಾಡೋನ ಪೇಜೋ, ಸತ್ತೋನ ಪೋಸ್ಟರೋ? ನನ್ನ ಫೋಟೋಕ್ಕ ಒಂದು ಹಾರ ಹಾಕಿಬಿಟ್ಟಿದ್ರ ಮುಗದ ಹೋಗ್ತಿತ್ತಲ್ಲೋ ಗಯಾಸ."

ಶಹಾಪುರ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ, ಹತ್ತು ಮಂದಿ ಕೇಳುವಂತೆ, ಬಾವರ್ಚಿ ಬಾಷುಮಿಯಾ ಅಂದ. ಹತ್ತೂ ಮಂದಿ ನಕ್ಕರು. ಒಬ್ಬನಿಗೆ ಮೂಗಿನಲ್ಲಿ ಚಹಾ ಬಂತು.

ಗಯಾಸನ ಕಿವಿ ಕಾದ ಹಂಚಾದವು. ಒಂಬತ್ತನೆಯದಕ್ಕೇ ಸಾಲಿ ಬಿಟ್ಟು, ಮೊಬೈಲ್ ರಿಪೇರಿ ಮಾಡುತ್ತ ಕಲಿತು ಕಟ್ಟಿದ ಮೊದಲ ವೆಬ್‌ಸೈಟ್ ಅದು. ಬಾಷುಮಿಯಾ ಒಪ್ಪಿದ್ದರೆ ಅದರ ತಳದಲ್ಲಿ ಇವನ ಹೆಸರು ನಿಲ್ಲುತ್ತಿತ್ತು. ಅವನು ಒಪ್ಪಿದ್ದು ಯಾದಗಿರಿಯ ಡಿಪ್ಲೊಮಾ ಲಕ್ಷ್ಮಿಕಾಂತನ ಪೇಜನ್ನು. ಅದರಲ್ಲಿ ಬಿರಿಯಾನಿಯ ಹಂಡೆಯಂಥ ದೇಗಿನಿಂದ ಹಬೆ ಏಳುತ್ತಿತ್ತು, ತಾಟು ಗಿರಗಿರ ತಿರುಗುತ್ತಿದ್ದವು.

ಆ ಹಬೆಯೆಲ್ಲ ಪೇಜಿನ ಜೊತೆ ಇಳಿದು ಬರುವ ಸ್ಕ್ರಿಪ್ಟು ಎಂಬ ಕೋಡಿನ ಆಟ, ನೆಟ್‌ವರ್ಕು ಕಮ್ಮಿಯಾಗಿ ಅದು ಬರದಿದ್ದರೆ ಒಂದಕ್ಷರವೂ ಕಾಣುವುದಿಲ್ಲ. ನನ್ನದರಲ್ಲಿ ಮೊದಲು ಅಕ್ಷರ, ಬುಕಿಂಗ್ ಫಾರ್ಮು, ಶೃಂಗಾರ ಏನಿದ್ದರೂ ಆಮೇಲೆ ಎಂದು ಗಯಾಸ ಹೇಳಿ ನೋಡಿದ. ಕೇಳುವವರಿಗೆ ಹಬೆಯೇ ಬೇಕಿತ್ತು.

ಮುಂದಿನ ಐತವಾರ ವಡಗೇರಾದಲ್ಲಿ ಲಗ್ನ, ಅಡಿಗೆ ಬಾಷುಮಿಯಾನದು. ಉಂಡೆದ್ದ ಹುಸೇನಬೀಗೆ ಬಿರಿಯಾನಿ ಮನಸ್ಸಿಗೆ ಹತ್ತಿ, ಮೊಮ್ಮಗಳು ಸಮ್ರೀನಳ ನಿಕಾಹಕ್ಕೂ ಬಾಷುಮಿಯಾನೇ ಬೇಕೆಂದಳು. ಈಗ ಬಾಯಿಮಾತು ನಡೆಯುವುದಿಲ್ಲ, ಎಲ್ಲಾ ವೆಬ್‌ಸೈಟಿನಲ್ಲೇ ಎಂದು ಅವನು ಗತ್ತಿನಿಂದ ಅವಳ ಫೋನಿನಲ್ಲಿ ಲಕ್ಷ್ಮಿಕಾಂತನ ಪೇಜು ತೆಗೆಸಿದ. ತಗಡಿನ ಶೆಡ್ಡು, ನೆಟ್‌ವರ್ಕು ಒಂದೇ ಕಡ್ಡಿ. ಬಿಳಿ ಪರದೆಯ ಮೇಲೆ ಬಳೆಯಂಥದೊಂದು ಸುತ್ತತೊಡಗಿತು. ಸುತ್ತೇ ಸುತ್ತಿತು.

ಹುಸೇನಬೀ ಬೆರಳು ಚಾಚಿದಳು. ಬಾಷುಮಿಯಾ ತಡೆದ.

"ಮುಟ್ಟಬ್ಯಾಡ್ರಿ ಆಪಾ. ದಮ್ಮಿನ್ಯಾಗ ಅದ. ನಡುವ ಮುಚ್ಚಳ ತಗದ್ರ ಎಲ್ಲಾ ಕೆಡ್ತದ."

ಮೂವತ್ತು ವರ್ಷ ದೇಗಿನ ಬಾಯಿ ಮುಚ್ಚಿ, ಒಳಹಬೆಯಲ್ಲೇ ಬೇಯುವ ತನಕ ಕಾದ ಮನುಷ್ಯನ ಮಾತು. ಹೆಂಗಸರೆಲ್ಲ ನಂಬಿ ಫೋನಿನ ಸುತ್ತ ಕೂತರು. ಗಾಳಿ ಬಡಿಯದಂತೆ ಒಬ್ಬಳು ಸೆರಗು ಅಡ್ಡ ಹಿಡಿದಳು. ಅರ್ಧ ತಾಸಾಯಿತು. ಬಸ್ಸಿಗೆ ಹೊತ್ತಾಯಿತು, ಸುರಪುರದ ಬಾವರ್ಚಿಗೇ ಹೇಳುತ್ತೇನೆ ಎಂದು ಹುಸೇನಬೀ ಎದ್ದುಬಿಟ್ಟಳು.

ಉಣ್ಣಲು ಬಂದಿದ್ದ ಗಯಾಸನಿಗೆ ಇನ್ನು ತಡೆಯಲಾಗಲಿಲ್ಲ. ಫೋನು ಇಸಿದುಕೊಂಡು, ಇನ್ನೂ ಅಳಿಸದೆ ಇಟ್ಟಿದ್ದ ತನ್ನ ಪೇಜಿನ ವಿಳಾಸ ಒತ್ತಿದ. ಕರೀ ಅಕ್ಷರ, ಫಾರ್ಮು, ಪಟ್ಟನೆ ಬಂದು ನಿಂತವು. ತಾರೀಖು, ಊರು, ಎರಡು ದೇಗು ಎಂದು ಅವಳು ಹೇಳಿದ್ದನ್ನು ತುಂಬಿ ಕಳಿಸಿದ. ಬಾಷುಮಿಯಾನ ಜೇಬಿನ ಫೋನು ಗುಂಯ್ ಎಂದಿತು.

ಅವನು ಮೆಸೇಜನ್ನು ಎರಡು ಸಲ ಓದಿದ. ಗಯಾಸನನ್ನು ನೋಡಿದ.

"ಇನ್ನ ಮ್ಯಾಲ ನಿನ್ನ ಪೇಜೇ ಇರ್ಲಿ. ಆದ್ರ ಒಂದು ಮಾತು. ಇಷ್ಟು ಲಗೂನ ಬಂದದ್ದು ಒಳಗ ಬೆಂದಿರ್ತದೇನೋ?"

ಹೆಂಗಸರೂ ಹೌದಲ್ಲ ಎನ್ನುವ ಹಾಗೆ ಇವನ ಕಡೆ ತಿರುಗಿದರು. ಗಯಾಸ ಫೋನನ್ನು ಹುಸೇನಬೀಯ ಕೈಗಿಟ್ಟು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ರಸ್ತೆಯ ಕಡೆ ನಡೆದ.