ಮೂರರಲ್ಲಿ ಎರಡು ಪಾಲು

ಪುಟ್ಟಗೌರಮ್ಮ ಬಿಳಿ ಪಂಚೆಯನ್ನು ಉದ್ದಕ್ಕೆ ಹರಿದು, ಗೋಡೆಗೆ ಒರಗಿಸಿ ಕೂರಿಸಿದ್ದ ಸಿದ್ದಲಿಂಗಮ್ಮನನ್ನು ಗೂಟಕ್ಕೆ ಬಿಗಿದಳು. ಎರಡು ಸಲ ಬಿಗಿದರೂ ಕತ್ತು ಮುಂದಕ್ಕೆ ವಾಲುತ್ತಿತ್ತು. ಮೂರನೆಯ ಸಲ ಗದ್ದದ ಕೆಳಗೆ ಬಟ್ಟೆಯ ಸುರುಳಿ ಕೊಟ್ಟು, ಹಣೆಯನ್ನು ಅಂಗೈಯಲ್ಲಿ ಮೆಲ್ಲಗೆ ಹಿಂದಕ್ಕೆ ಒತ್ತಿದಳು.

"ತಲೆ ಎತ್ತಕ್ಕ. ಬದುಕಿದ್ದಾಗ ಯಾರ್ಗೂ ತಗ್ಗಿಸ್ದೋಳಲ್ಲ ನೀನು. ಈಗ್ಯಾಕೆ ತಗ್ಗಿಸ್ತೀಯೆ?"

ಕತ್ತು ನಿಂತಿತು. ಪುಟ್ಟಗೌರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ವಿಭೂತಿ ಬಟ್ಟಲಿಗೆ ಕೈ ಚಾಚಿದಳು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ನಲವತ್ತು ವರ್ಷದ ನೆರೆ.

ಬಾಗಿಲಲ್ಲಿ ನಿಂತಿದ್ದ ಸಿದ್ದರಾಜು ಮುಖ ಆಚೆ ತಿರುಗಿಸಿಕೊಂಡ. ಕೆಂಚನಹುಂಡಿಯ ಹಾಲು ಉತ್ಪಾದಕರ ಸಂಘಕ್ಕೆ ಅವನು ಇಪ್ಪತ್ತೆರಡು ವರ್ಷದಿಂದ ಕಾರ್ಯದರ್ಶಿ. ಆ ಬೆಳಿಗ್ಗೆ ಸಿದ್ದಲಿಂಗಮ್ಮ ಎಂದಿನಂತೆ ಸಂಘಕ್ಕೆ ಬಂದು ಎಮ್ಮೆ ಹಾಲು ಅಳೆದುಕೊಟ್ಟು, ಖಾಲಿ ಪಾತ್ರೆ ತೊಳೆದು ಬೋರಲು ಹಾಕಿ, ಮೆಟ್ಟಿಲ ಮೇಲೆ ಕೂತಿದ್ದಳು. ಕೂತವಳು ಮತ್ತೆ ಏಳಲಿಲ್ಲ. ಎಪ್ಪತ್ತೆರಡು ವರ್ಷ. ಸಾಲಿನಲ್ಲಿ ನಿಂತಿದ್ದವರಿಗೆ ಅವಳು ಹೋದದ್ದು ಗೊತ್ತಾಗುವ ಹೊತ್ತಿಗೆ ಅರ್ಧ ಊರಿನ ಹಾಲು ಅಳೆದಾಗಿತ್ತು.

"ಬನ್ನೂರಿಂದ ಮಗ್ಳು ಒಂಟವ್ಳಂತಾ?" ಪುಟ್ಟಗೌರಮ್ಮ ಕೇಳಿದಳು.

"ಚನ್ನಾಜಿ ಬಸ್ ಹತ್ತವ್ಳೆ. ಫೋನಲ್ಲಿ ಒಂದೇ ಮಾತು ಕೇಳುದ್ಲು. ಅವ್ವನ್ನ ಅಪ್ಪನ ಪಕ್ಕ ಮಡಗ್ತೀರಾ ಅಂತ."

ಪುಟ್ಟಗೌರಮ್ಮನ ಕೈ ನಿಂತಿತು. ಸಿದ್ದಲಿಂಗಮ್ಮನ ಗಂಡ ಮಾದಪ್ಪನನ್ನು ಮಣ್ಣು ಮಾಡಿದ್ದು ಕೆರೆ ಹಿಂದಿನ ಒಂದೆಕರೆ ಹೊಲದಲ್ಲಿ. ಅವನ ಕಾಯಿಲೆಗಾಗಿ ಆ ಹೊಲ ಅಷ್ಟರಲ್ಲೇ ಗಂಗಾಧರಸ್ವಾಮಿಗೆ ಮಾರಾಟವಾಗಿತ್ತು. ಆದರೂ, "ಅವನು ಉತ್ತ ಹೊಲ, ಅಲ್ಲೇ ಇರ್ಲಿ" ಎಂದು ಗಂಗಾಧರಸ್ವಾಮಿ ಜಾಗ ಬಿಟ್ಟಿದ್ದ. ಅದು ಆಗಿನ ಮಾತು. ಸ್ಕೂಲಿನ ಸಾಲದ ಸಭೆಯಾದ ಮೇಲೆ ಒಂಬತ್ತು ವರ್ಷ ಅವನಿಗೂ ಸಿದ್ದಲಿಂಗಮ್ಮನಿಗೂ ಮಾತಿರಲಿಲ್ಲ.

"ಓಗಿ ಕೇಳೋರ್ಯಾರು?" ಎಂದಳು ಪುಟ್ಟಗೌರಮ್ಮ.

"ನಾನೇ ಹೋಯ್ತೀನಿ," ಎಂದು ಸಿದ್ದರಾಜು ಚಪ್ಪಲಿ ಮೆಟ್ಟಿದ.

*

ತೊಂಬತ್ತೇಳರ ಮಳೆಗಾಲದಲ್ಲಿ ಒಂದು ಭಾನುವಾರ ಸರ್ಕಾರಿ ಪ್ರಾಥಮಿಕ ಶಾಲೆಯ ಹೆಂಚಿನ ಸೂರು ತೊಲೆಸಮೇತ ಒಳಕ್ಕೆ ಕುಸಿಯಿತು. ಭಾನುವಾರವಾದ್ದರಿಂದ ಮಕ್ಕಳು ಉಳಿದರು. ಮಾರನೆಯ ದಿನದಿಂದ ಐದು ತರಗತಿಯೂ ಹಾಲಿನ ಸಂಘದ ಜಗಲಿಯ ಮೇಲೆ. ಇಲಾಖೆಯವರು ಬಂದು ಅಳತೆ ಹಿಡಿದುಕೊಂಡು ಹೋದರು. ಪಟ್ಟಿಯಲ್ಲಿ ಹೆಸರು ಸೇರಿಸಿದ್ದೇವೆ, ಸರದಿ ಬರಬೇಕು ಎಂದರು. ಸರದಿ ಯಾವ ವರ್ಷ ಬರುತ್ತದೆಂದು ಹೇಳಲಿಲ್ಲ.

ಆಗ ಸಂಘದ ಅಧ್ಯಕ್ಷನಾಗಿದ್ದ ಗಂಗಾಧರಸ್ವಾಮಿ ಒಂದು ದಾರಿ ಹುಡುಕಿದ. ಸಂಘದ ಹೆಸರಿನಲ್ಲಿ ಸಾಲ ತಂದು ಶಾಲೆಗೆ ಆರ್‌ಸಿಸಿ ಹಾಕಿಸುವುದು, ಸದಸ್ಯರ ಹಾಲಿನ ದುಡ್ಡಿನಲ್ಲಿ ಹಿಡಿದು ತೀರಿಸುವುದು. ಸಹಕಾರ ಇಲಾಖೆಯ ಅಧಿಕಾರಿ, ಮಹಾಸಭೆಯಲ್ಲಿ ಮೂರರಲ್ಲಿ ಎರಡು ಪಾಲು ಸದಸ್ಯರು ಕೈ ಎತ್ತಿದರೆ ಅನುಮತಿ ಕೊಡುತ್ತೇನೆ ಎಂದ. ಸಂಘದಲ್ಲಿ ತೊಂಬತ್ತಾರು ಸದಸ್ಯರು. ಅರವತ್ನಾಲ್ಕು ಕೈ ಬೇಕು.

ಸಭೆಯ ದಿನ ಎಲ್ಲರೂ ಒಪ್ಪುವ ಹುರುಪಿನಲ್ಲೇ ಇದ್ದರು. ಗಂಗಾಧರಸ್ವಾಮಿ ಎದ್ದು, "ಸ್ಕೂಲು ಎಲ್ರುದ್ದೂವೆ. ಅದ್ಕೆ ಹೊರೆನೂ ಎಲ್ರಿಗೂ ಸಮ. ಒಬ್ಬೊಬ್ಬ ಸದಸ್ಯನ ಹೆಸರಲ್ಲೂ ತಿಂಗ್ಳಿಗೆ ಇಷ್ಟು ಅಂತ ಹಿಡ್ಕೊಳ್ಳದು. ಏನಂತೀರಿ?" ಎಂದ.

ಹಿಂದೆ, ಹೆಂಗಸರ ನಡುವೆ, ಸಿದ್ದಲಿಂಗಮ್ಮ ಎದ್ದಳು.

"ಗಂಗಾಧರಣ್ಣ, ಸ್ಕೂಲು ಆಗ್ಬೇಕು. ಅದ್ರಲ್ಲಿ ಮಾತಿಲ್ಲ. ಆದ್ರೆ ನಿಮ್ಮನೇಲಿ ಹನ್ನೆರಡು ಸೀಮೆಹಸ. ನಮ್ಮನೇಲಿ ಒಂದೆಮ್ಮೆ. ಇಬ್ರಿಗೂ ಒಂದೇ ಅಂದ್ರೆ ಅದು ಸಮ ಆಯ್ತದಾ? ಲೀಟ್ರಿಗೆ ಇಷ್ಟು ಅಂತ ಹಿಡೀರಿ. ಯಾರ್ ಎಷ್ಟು ಆಲು ಆಕ್ತಾರೋ ಅಷ್ಟು ಕೊಡ್ಲಿ."

"ನಿಂಗೆ ಸ್ಕೂಲಿಗೆ ಹೋಗೋ ಮಕ್ಳಿಲ್ಲ. ಆ ಬಾಬ್ತಿಗೂ ಬಿಡ್ಬೇಕಾ?" ಯಾರೋ ಮುಂದಿನಿಂದ ಕೇಳಿದರು. ಕೆಲವರು ನಕ್ಕರು.

"ಬಿಡಬ್ಯಾಡಿ. ನನ್ ಪಾಲು ನಾನು ಕೊಟ್ಟೇ ಕೊಡ್ತೀನಿ. ಇನ್ನೊಬ್ರು ಪಾಲು ನನ್ ಮ್ಯಾಲೆ ಆಕಬ್ಯಾಡಿ."

ಕೈ ಎತ್ತಿ ಎಂದಾಗ ಐವತ್ತೊಂದೇ ಎದ್ದವು. ಒಂದು ಎಮ್ಮೆ, ಒಂದು ಹಸುವಿನವರೆಲ್ಲ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಸಾಲ ಬಿದ್ದುಹೋಯಿತು. ಆ ವಾರವೆಲ್ಲ ಸಿದ್ದಲಿಂಗಮ್ಮ ಬೀದಿಯಲ್ಲಿ ನಡೆದರೆ ಬೆನ್ನ ಹಿಂದೆ ಮಾತು ಬರುತ್ತಿತ್ತು: ಮಕ್ಕಳ ಸೂರಿಗೆ ಕಲ್ಲು ಹಾಕಿದವಳು. ಅವಳು ತಿರುಗಿ ನೋಡಲಿಲ್ಲ. ಆದರೆ ಮನೆಗೆ ಬಂದು ಪುಟ್ಟಗೌರಮ್ಮನ ಎದುರು ಕೂತು, ಜಗಲಿಯ ಮೇಲೆ ಮಳೆಯ ಎರಚಲಿಗೆ ನೆಂದ ಮಕ್ಕಳನ್ನು ನೆನೆದು ಅತ್ತಳು.

*

ಗಂಗಾಧರಸ್ವಾಮಿ ಮನೆಯ ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಪಕ್ಕದಲ್ಲಿ ನಿಂತಿದ್ದ ಮಗ ಬಸವಪ್ರಸಾದ್ ಸಿದ್ದರಾಜುವಿನ ಮಾತು ಮುಗಿಯುವ ಮೊದಲೇ ತಲೆ ಅಲ್ಲಾಡಿಸಿದ.

"ಆಗಲ್ಲ ಸಿದ್ದರಾಜಣ್ಣ. ಬೇಜಾರ್ ಮಾಡ್ಕೋಬೇಡಿ. ಆ ಹೊಲ ಸೈಟ್ ಮಾಡ್ಸಕ್ಕೆ ನಂಜನಗೂಡಿನೋರು ಹೋದ್ವಾರ ಬಂದು ನೋಡ್ಕೊಂಡು ಹೋಗವ್ರೆ. ಹಳೇ ಸಮಾಧಿ ಹೆಂಗೋ ಒಪ್ಪುದ್ರು. ಇನ್ನೊಂದು ಹೊಸ್ದು ಕಂಡ್ರೆ ಯಾರ್ ತಗೋತಾರೆ?"

ಸಿದ್ದರಾಜು ಮುದುಕನ ಕಡೆ ನೋಡಿದ. ಗಂಗಾಧರಸ್ವಾಮಿ ಬೀದಿಯ ಕಡೆಗೇ ನೋಡುತ್ತಿದ್ದ.

"ಹೆಂಗ್ ಹೋದ್ಲು?" ಎಂದು ಕೇಳಿದ.

"ಹಾಲು ಹಾಕಿ ಮೆಟ್ಲ ಮೇಲೆ ಕೂತ್ಳು ಯಜಮಾನ್ರೆ. ಅಷ್ಟೇ."

"ಅಳೆದು ಕೊಟ್ಮೇಲಾ?"

"ಊಂ. ಕೊಟ್ಟು, ಪಾತ್ರೆ ತೊಳ್ದಿಟ್ಟು."

ಮುದುಕ ಮಗನ ಕಡೆ ತಿರುಗಿದ. "ಹಾರೆ ಗುದ್ದಲಿ ತಗೊಂಡು ಆಳುಗಳ್ನ ಕರ್ಕೊಂಡೋಗು. ಮಾದಪ್ಪನ ಎಡಕ್ಕೆ ತೋಡುಸು," ಎಂದ.

"ಅಪ್ಪ, ನಂಜನಗೂಡಿನೋರಿಗೆ ಏನು ಹೇಳ್ಲಿ?"

"ಆ ಹೊಲ ಮಾರಕ್ಕಿಲ್ಲ ಅನ್ನು."

"ನಿಮ್ಮನ್ನ ತುಂಬಿದ ಸಭೇಲಿ ಎದುರು ಹಾಕ್ಕೊಂಡೋಳು ಅವ್ಳು. ನಿಮ್ ಮಾತು ಬೀಳ್ಸುದ್ಲು."

"ಬೀಳ್ಸುದ್ಲು," ಗಂಗಾಧರಸ್ವಾಮಿ ಕುರ್ಚಿಯ ಕೈ ಹಿಡಿದು ಎದ್ದ. "ನಾನು ಅವ್ಳ್ ಕಡೆ ಕೈ ಎತ್ಲಿಲ್ಲ. ಇವತ್ತು ಕೇಳುದ್ರೂ ಎತ್ತಲ್ಲ ಅಂತ್ಲೇ ಅಂತೀನಿ, ನಂಗೂ ಹಟ ಅದೆ. ಆದ್ರೆ ಗೆದ್ಮೇಲೆ ಒಂದಿನಾನೂ ಅವ್ಳು ನನ್ ಮುಂದೆ ಗೆದ್ದೋಳಂಗೆ ನಡೀಲಿಲ್ಲ ಕಣೋ. ಅಂಥೋರ್ ಕೈಲಿ ಸೋತ್ರೆ ಅವಮಾನ ಅಲ್ಲ. ನಡಿ, ಹೊತ್ತಾಯ್ತದೆ."

*

ಸಾಲ ಬಿದ್ದುಹೋದ ಮೂರನೆಯ ದಿನದಿಂದ ಸಿದ್ದಲಿಂಗಮ್ಮ ಸಂಜೆ ಹಾಲು ಹಾಕಿ ಮನೆಮನೆಗೆ ಹೋಗತೊಡಗಿದ್ದಳು. ಜೊತೆಗೆ ಪುಟ್ಟಗೌರಮ್ಮ. ಲಿಂಗಾಯಿತರ ಬೀದಿ, ಗೌಡರ ಬೀದಿ, ಕೆರೆಯಾಚೆಯ ಕಾಲೊನಿ. ಎಲ್ಲ ಕಡೆಯೂ ಅವಳದು ಅದೇ ಮಾತು: "ಬ್ಯಾಡ ಅಂದೋಳೂ ನಾನೇ, ಬೇಕು ಅಂತ ಬಂದೋಳೂ ನಾನೇ. ಲೀಟ್ರು ಲೆಕ್ಕ ಆದ್ರೆ ಕೈ ಎತ್ತುತೀರಾ?" ಕೆಲವರು ಮಣೆ ಹಾಕಿದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಎರಡು ಮೂರು ಹಸುವಿನವರಿಗೆ ಈ ಲೆಕ್ಕದಲ್ಲಿ ಮೊದಲಿಗಿಂತ ಹೆಚ್ಚು ಬೀಳುತ್ತಿತ್ತು. ಅವರ ಮನೆಗೆ ಮೂರು ಮೂರು ಸಲ ಹೋದಳು.

ಎರಡನೆಯ ಸಭೆ ನಡೆದಾಗ ಜಗಲಿ ಸಾಲದೆ ಜನ ಬೀದಿಯಲ್ಲೂ ನಿಂತರು. ಗಂಗಾಧರಸ್ವಾಮಿ ಅಧ್ಯಕ್ಷರ ಕುರ್ಚಿಯಲ್ಲಿ ಮುಖ ಬಿಗಿದುಕೊಂಡು ಕೂತಿದ್ದ. ಲೀಟರಿನ ಲೆಕ್ಕದಲ್ಲಿ ಊರಿನಲ್ಲೇ ಹೆಚ್ಚು ಬೀಳುವುದು ಅವನಿಗೆ. ಅದಕ್ಕಿಂತ ಹೆಚ್ಚಾಗಿ, ತಾನು ಶುರುಮಾಡಿದ ಕೆಲಸ ಇನ್ನೊಬ್ಬರ ಮಾತಿನಂತೆ ನಡೆಯುವುದು ಅವನಿಗೆ ನುಂಗಲಾರದ ತುತ್ತಾಗಿತ್ತು. ಆದರೂ ಸಭೆ ಕರೆಯದೆ ಇರಲಿಲ್ಲ.

ಸಿದ್ದರಾಜು ಕೈಗಳನ್ನು ಎಣಿಸಿದ. ಅರವತ್ತಮೂರು. ಮತ್ತೆ ಎಣಿಸಿದ. ಅರವತ್ತಮೂರೇ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ.

ಆಗ ಸಿದ್ದರಾಜುವಿನ ಕಣ್ಣು ಕಂಬದ ಬಳಿ ನಿಂತಿದ್ದ ಸಿದ್ದಲಿಂಗಮ್ಮನ ಮೇಲೆ ಬಿತ್ತು. ಅವಳು ಎರಡೂ ಕೈಗಳ ಬೆರಳ ಗೆಣ್ಣು ಮಡಚಿಕೊಂಡು, ತುಟಿ ಅಲ್ಲಾಡಿಸುತ್ತ, ಜನರನ್ನು ತಾನೂ ಎಣಿಸುತ್ತಿದ್ದಳು.

"ಸಿದ್ದಲಿಂಗಕ್ಕ," ಎಂದ ಸಿದ್ದರಾಜು. "ನಿನ್ ಕೈ ಎಲ್ಲಿ?"

ಅವಳು ಒಂದು ಗಳಿಗೆ ತನ್ನ ಮಡಚಿದ ಬೆರಳುಗಳನ್ನೇ ನೋಡಿದಳು. ಆಮೇಲೆ ಎಣಿಕೆ ಬಿಟ್ಟು ಬಲಗೈಯನ್ನು ನೆಟ್ಟಗೆ ಮೇಲಕ್ಕೆ ಎತ್ತಿದಳು. ಬೀದಿಯಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು. ಆ ನಗುವಿನಲ್ಲಿ ಹದಿನೈದು ದಿನದ ಬಿಗುಪೆಲ್ಲ ಕಳಚಿಹೋಯಿತು.

ಗಂಗಾಧರಸ್ವಾಮಿ ನಗಲಿಲ್ಲ. "ಅಂಗೀಕಾರ ಆಯ್ತು ಅಂತ ಬರ್ಕೋ ಸಿದ್ದರಾಜು," ಎಂದು ನಡವಳಿ ಪುಸ್ತಕಕ್ಕೆ ಸಹಿ ಹಾಕಿ ಮನೆಗೆ ನಡೆದ. ಅಂದಿನಿಂದ ಅವರಿಬ್ಬರಿಗೆ ಮಾತು ನಿಂತಿತು. ಆದರೆ ಸಾಲ ತೀರುವವರೆಗೆ ಅವನ ಮನೆಯ ಹಾಲು ಒಂದು ದಿನವೂ ಸಂಘಕ್ಕೆ ಬಾರದೆ ಉಳಿಯಲಿಲ್ಲ.

ಮಾಘದಲ್ಲಿ ಶಾಲೆಯ ಸೂರಿಗೆ ಮೋಲ್ಡ್ ಹಾಕಿದರು. ಇಪ್ಪತ್ತೊಂದು ದಿನ ಅದಕ್ಕೆ ನೀರು ನಿಲ್ಲಿಸಬೇಕೆಂದು ಮೇಸ್ತ್ರಿ ಹೇಳಿದ. ಆ ಕೆಲಸವನ್ನು ಸಿದ್ದಲಿಂಗಮ್ಮ ತಾನೇ ಕೇಳಿ ತೆಗೆದುಕೊಂಡಳು. ಶಾಲೆಗೆ ಹತ್ತಿರದ ನೀರೆಂದರೆ ಗಂಗಾಧರಸ್ವಾಮಿಯ ಪಂಪ್‌ಸೆಟ್ಟಿನ ತೊಟ್ಟಿ. ಮೊದಲನೆಯ ದಿನ ಅವಳು ಕೊಡ ಹಿಡಿದು ಅಳುಕುತ್ತಲೇ ಹೋದಳು. ತೊಟ್ಟಿ ತುಂಬಿ ತುಳುಕುತ್ತಿತ್ತು. ಹತ್ತಿರ ಯಾರೂ ಇರಲಿಲ್ಲ. ಎರಡನೆಯ ದಿನವೂ ಹಾಗೆಯೇ. ಕರೆಂಟು ಯಾವ ಹೊತ್ತಿನಲ್ಲಿ ಬಂದರೂ, ಗದ್ದೆಗೆ ನೀರು ತಿರುಗುವ ಮೊದಲು ತೊಟ್ಟಿ ತುಂಬಿರುತ್ತಿತ್ತು. ಇಪ್ಪತ್ತೊಂದು ದಿನ ಅವಳು ಏಣಿ ಹತ್ತಿ ಇಳಿದಳು.

*

ಮಧ್ಯಾಹ್ನ ಒಂದು ಗಂಟೆಗೆ ವಿಮಾನ ಎದ್ದಿತು. ಬಾಳೆಕಂದು, ಚೆಂಡುಹೂ ಕಟ್ಟಿದ ಬಿದಿರಿನ ಗೂಡಿನಲ್ಲಿ ಸಿದ್ದಲಿಂಗಮ್ಮ ನೆಟ್ಟಗೆ ಕೂತಿದ್ದಳು. ಹಣೆತುಂಬ ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ. ಬನ್ನೂರಿನಿಂದ ಬಂದಿದ್ದ ಚನ್ನಾಜಮ್ಮ ಅವ್ವನ ಮಡಿಲ ಮೇಲಿನ ಹೂವನ್ನು ಸರಿಮಾಡಿ ಹಿಂದೆ ಸರಿದಳು. ತಮಟೆ ಶುರುವಾಯಿತು.

ಶಾಲೆಯ ಮುಂದೆ ಹೊತ್ತವರು ತಾವಾಗಿಯೇ ನಿಂತರು. ಮುಖ್ಯಶಿಕ್ಷಕಿ ನಯನ ಐವತ್ತೆರಡು ಮಕ್ಕಳನ್ನು ಗೇಟಿನ ಒಳಗೆ ಸಾಲಾಗಿ ನಿಲ್ಲಿಸಿದ್ದಳು. ಅವಳು ಗಂಗಾಧರಸ್ವಾಮಿಯ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಯಜಮಾನರೇ, ಮಧ್ಯಾಹ್ನದ ಮೇಲೆ ರಜೆ ಕೊಟ್ಟುಬಿಡಲಾ? ಎಲ್ಲರೂ ಕೇಳ್ತಿದ್ದಾರೆ."

ಗಂಗಾಧರಸ್ವಾಮಿ ಪುಟ್ಟಗೌರಮ್ಮನ ಕಡೆ ನೋಡಿದ. ಅವಳು ತಲೆ ಅಲ್ಲಾಡಿಸಿದಳು.

"ಬ್ಯಾಡಿ ಮೇಡಂ," ಎಂದ ಅವನು. "ಪಾಠ ಮಾಡಿ. ಅವ್ಳಿದ್ದಿದ್ರೆ ಅದ್ಕೂ ಒಂದು ಸಭೆ ಕರೀರಿ ಅಂತಿದ್ಲು."

ಅಳುತ್ತಿದ್ದ ಚನ್ನಾಜಮ್ಮನಿಗೆ ನಗು ಬಂದುಬಿಟ್ಟಿತು.

ಮಾದಪ್ಪನ ಎಡಕ್ಕೆ ಗುಣಿ ಸಿದ್ಧವಿತ್ತು. ಅಗೆಯುವವರ ಜೊತೆ ಬಸವಪ್ರಸಾದನೂ ಅಂಗಿ ಬಿಚ್ಚಿ ಇಳಿದಿದ್ದ. ಅವನ ಮೊಣಕೈವರೆಗೂ ಕಪ್ಪು ಮಣ್ಣು ಮೆತ್ತಿತ್ತು. ಗುಣಿಯೊಳಗೆ ಕೊರೆದ ಗೂಡಿನಲ್ಲಿ ಅವಳನ್ನು ಕೂರಿಸಿ, ಅಯ್ನೋರು ಮಂತ್ರ ಹೇಳಿ, ಒಬ್ಬೊಬ್ಬರಾಗಿ ಪತ್ರೆ ವಿಭೂತಿ ಹಾಕಿದರು. ಗಂಗಾಧರಸ್ವಾಮಿಯ ಸರದಿ ಬಂದಾಗ ಅವನು ಗುಣಿಯ ಅಂಚಿನಲ್ಲಿ ಬಹಳ ಹೊತ್ತು ಬಗ್ಗಿ ನಿಂತ. ತುಟಿ ಅಲುಗಿತು. ಏನು ಹೇಳಿದನೆಂದು ಪಕ್ಕದಲ್ಲಿದ್ದವರಿಗೂ ಕೇಳಲಿಲ್ಲ.

ಮಣ್ಣು ಮುಚ್ಚಿ ಬರುವಾಗ ಪುಟ್ಟಗೌರಮ್ಮ ಅವನ ಜೊತೆಗೆ ಹೆಜ್ಜೆ ಹಾಕಿದಳು.

"ತೊಟ್ಟಿ ತುಂಬ್ಸಿಟ್ಟೋರು ಯಾರು ಅಂತ ಅವ್ಳಿಗೆ ಗೊತ್ತಿತ್ತು ಕಣಣ್ಣ."

ಮುದುಕ ನಡೆಯುವುದನ್ನು ನಿಲ್ಲಿಸಿದ. "ಏನಂದ್ಲು?"

"ಏನೂ ಅನ್ನಿಲ್ಲ. ಗಂಗಾಧರಣ್ಣ ಕೈ ಎತ್ತದೆ ಓದ್ರೂ ಬೆನ್ನು ತಿರುಗ್ಸೋ ಪೈಕಿ ಅಲ್ಲ, ಅಂದ್ಲು. ಅಷ್ಟೇಯ."

ಕೆರೆ ಏರಿ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ದಪ್ಪ ಹನಿಯ ಮಳೆ. ಜನ ದಿಕ್ಕಾಪಾಲಾಗಿ ಓಡಿದರು. ಗಂಗಾಧರಸ್ವಾಮಿಗೆ ಓಡಲಾಗಲಿಲ್ಲ. ಸಿದ್ದರಾಜು ಅವನ ರಟ್ಟೆ ಹಿಡಿದು ಹತ್ತಿರವಿದ್ದ ಶಾಲೆಯ ಗೇಟು ತಳ್ಳಿದ. ವರಾಂಡದ ಕೊಳಾಯಿಯಲ್ಲಿ ಇಬ್ಬರೂ ಕೈಕಾಲಿನ ಮಣ್ಣು ತೊಳೆದರು. ಎರಚಲು ವರಾಂಡಕ್ಕೂ ಹೊಡೆಯುತ್ತಿತ್ತು.

"ಒಳಗೆ ಬನ್ನಿ, ಒಳಗೆ ಬನ್ನಿ," ನಯನ ಬಾಗಿಲಿಗೆ ಬಂದಳು. ಅವಳು ಕುರ್ಚಿ ಎಳೆಯುವ ಮೊದಲೇ ಮುದುಕ ಮೂರನೆಯ ತರಗತಿಯ ಮಕ್ಕಳ ಸಾಲಿನ ಕೊನೆಯಲ್ಲಿ, ಗೋಡೆಗೆ ಕೈ ಊರಿ, ನೆಲಕ್ಕೆ ಕೂತುಬಿಟ್ಟಿದ್ದ. ಒದ್ದೆ ಪಂಚೆಯಿಂದ ನೀರು ಹರಿದು ಚಾಪೆಯ ಅಂಚು ನೆನೆಯಿತು.

ಪಕ್ಕದಲ್ಲಿದ್ದ ಎರಡು ಜಡೆಯ ಹುಡುಗಿ ತನ್ನ ಪುಸ್ತಕವನ್ನು ಎತ್ತಿ ಎದೆಗವಚಿಕೊಂಡಳು. ಅವನನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿದಳು. ಆಮೇಲೆ, "ಇನ್ನೂ ಈ ಕಡೀಕೆ ಬಾ ತಾತ, ಅಲ್ಲಿಂದ ಅಕ್ಷರ ಕಾಣಲ್ಲ," ಎಂದು ಪಿಸುಗುಟ್ಟಿ, ಸರಿದು ಜಾಗ ಬಿಟ್ಟಳು. ಮುದುಕ ಎರಡೂ ಕೈ ನೆಲಕ್ಕೂರಿ, ಅವಳು ಬಿಟ್ಟ ಜಾಗಕ್ಕೆ ಮೆಲ್ಲಗೆ ಸರಿದ.