ಪಕ್ಕದ ಸೀಟು

“ಸ್ಸ್...”

ಅಮ್ಮನ ಹಲ್ಲುಗಳ ಸಂದಿಯಿಂದ ಆ ಸದ್ದು ಹೊರಟದ್ದೇ ತಡ, ಮಗಳ ಕಾಲು ಬ್ರೇಕಿನ ಮೇಲಿತ್ತು. ವ್ಯಾನು ಮುಗ್ಗರಿಸಿದಂತಾಗಿ ನಿಂತಿತು. ಅಡ್ಡ ಬಂದಿದ್ದ ಸ್ಕೂಟರಿನವನು ಇವರ ಕಡೆ ತಿರುಗಿಯೂ ನೋಡದೆ ಹೊರಟುಹೋದ.

“ನೋಡಿದೆ ತಾನೇ ಅವನನ್ನ?”

“ನೋಡಿದೆ.”

ಅದು ಪೂರ್ತಿ ಸುಳ್ಳಲ್ಲ. ಸ್ಕೂಟರನ್ನು ಅವಳು ನೋಡಿದ್ದಳು. ಆದರೆ ನೋಡಿದ್ದಕ್ಕೂ ಕಾಲು ಒತ್ತಿದ್ದಕ್ಕೂ ನಡುವೆ ಒಂದು ಸಣ್ಣ ಖಾಲಿ ಜಾಗವಿತ್ತು. ಅದನ್ನು ತುಂಬಲು ಅಮ್ಮನ ಆ ಸದ್ದು ಬೇಕಾಗಿತ್ತು.

ಅಮ್ಮ ಲಾಂಡ್ರಿಯ ವ್ಯಾನು ಓಡಿಸಲು ಶುರು ಮಾಡಿದಾಗ ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಹೋಟೆಲಿನ ಹಾಸಿಗೆ ಬಟ್ಟೆ, ಟವೆಲ್ಲುಗಳನ್ನು ತಂದು, ಒಗೆದು, ಇಸ್ತ್ರಿ ಮಾಡಿ ಗಂಟು ಕಟ್ಟಿ ವಾಪಸು ಕೊಡುವುದು ಮನೆಯ ಕಸುಬು. ಈಗ ಅಮ್ಮನ ಬಲ ಮೊಣಕಾಲು ಸವೆದುಹೋಗಿದೆ. ಬರುವ ವಾರ ಆಪರೇಷನ್; ಆಮೇಲೆ ತಿಂಗಳುಗಟ್ಟಲೆ ಸ್ಟೇರಿಂಗ್ ಮುಟ್ಟುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಡ್ರೈವರನ್ನು ಇಟ್ಟರೆ ಕೈಗೆ ಉಳಿಯುವುದು ಸೋಪಿನ ನೊರೆ ಮಾತ್ರ. ಮಗಳಿಗೆ ನಾಳೆಯ ಪರೀಕ್ಷೆಯಲ್ಲಿ ಲೈಸೆನ್ಸ್ ಸಿಕ್ಕಿದರೆ ಸರಿ. ಸಿಗದಿದ್ದರೆ ಹೋಟೆಲಿನ ಕೆಲಸ ಹಿಂದಿನ ಬೀದಿಯ ಲಾಂಡ್ರಿಯವನ ಪಾಲು. ಅವನು ಈಗಾಗಲೇ ಹೋಟೆಲಿನ ಮ್ಯಾನೇಜರಿಗೆ ಎರಡು ಸಲ ನಮಸ್ಕಾರ ಹೊಡೆದು ಬಂದಿದ್ದಾನಂತೆ.

ಮಗಳು ಓಡಿಸುವಾಗ ಪಕ್ಕದ ಸೀಟಿನಲ್ಲಿ ಕೂತ ಅಮ್ಮನ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಇಲ್ಲದ ಬ್ರೇಕನ್ನು ಅದು ಒತ್ತುತ್ತಿತ್ತು. ಒತ್ತಿದಾಗಲೆಲ್ಲ ಮೊಣಕಾಲು ಚುಳ್ಳೆಂದು, ಬಾಯಿಂದ ‘ಸ್ಸ್’ ಎಂಬ ಸದ್ದು ಬರುತ್ತಿತ್ತು. ಅದು ಭಯದ್ದೋ ನೋವಿನದೋ ಅಮ್ಮನಿಗೇ ಗೊತ್ತಿರಲಿಲ್ಲ. ಮಗಳು ಮಾತ್ರ ದಿನಗಳೆದಂತೆ ರಸ್ತೆಯನ್ನು ಬಿಟ್ಟು ಆ ಸದ್ದನ್ನೇ ಕಲಿತುಬಿಟ್ಟಿದ್ದಳು.

ಕಳೆದ ಸಲದ ಪರೀಕ್ಷೆಯಲ್ಲಿ ಪಕ್ಕದಲ್ಲಿ ಕೂತಿದ್ದ ಇನ್ಸ್‌ಪೆಕ್ಟರು ಇಟ್ಟ ಮಡಕೆಯ ಹಾಗೆ ಅಲುಗಾಡದೆ ಇದ್ದರು. ಬಿಳಿ ಗೆರೆ ಹತ್ತಿರ ಬಂತು. ಅವಳು ಕಾದಳು. ಏನೂ ಕೇಳಿಸಲಿಲ್ಲ. ವ್ಯಾನು ಗೆರೆ ದಾಟಿ ಮುಂದೆ ಹೋಗಿ ನಿಂತಿತು. “ಬ್ರೇಕ್ ಹಾಕೋದಕ್ಕೆ ಯಾರ ಅಪ್ಪಣೆಗೆ ಕಾಯ್ತಾ ಇದ್ರಿ?” ಎಂದು ಅವರು ಕೇಳಿದ್ದರು. ಮನೆಗೆ ಬಂದು, ಗೆರೆ ದಾಟಿತು ಎಂದಷ್ಟೇ ಹೇಳಿದ್ದಳು. ಉಳಿದದ್ದನ್ನು ಹೇಳಲು ಬಾಯಿ ಬಂದಿರಲಿಲ್ಲ.

ಲಾಂಡ್ರಿಯ ಮುಂದೆ ವ್ಯಾನು ನಿಂತಾಗ ಸೋದರಮಾವ ಹಬೆಯ ನಡುವೆ ಮೇಜುಬಟ್ಟೆಯೊಂದನ್ನು ತಿಕ್ಕುತ್ತಿದ್ದ. ಇಸ್ತ್ರಿ ಕೆಲಸ ಪೂರ್ತಿ ಅವನದು. ಸೈಕಲ್ಲು ತುಳಿಯಲೂ ಬಾರದ ಅವನಿಗೆ ವಾಹನಗಳ ಬಗ್ಗೆ ಅಭಿಪ್ರಾಯಗಳಿಗೇನೂ ಕೊರತೆಯಿರಲಿಲ್ಲ.

“ಬಂದ್ರಾ ಮಹಾರಾಣಿಯರು? ಇವತ್ತು ಎಷ್ಟು ಜನಕ್ಕೆ ಜೀವದಾನ ಮಾಡಿದ್ರಿ?”

“ನಿನ್ನ ಬಾಯಿಗೂ ಒಂದು ಇಸ್ತ್ರಿ ಎಳ್ಕೋ,” ಎಂದಳು ಅಮ್ಮ, ಮೊಣಕಾಲು ಹಿಡಿದುಕೊಂಡು ಕೂರುತ್ತ.

“ಅಲ್ಲಕ್ಕಾ, ನಾಳೆ ಪರೀಕ್ಷೆ. ಇವತ್ತಾದ್ರೂ ಒಂದು ಸಲ ಅವಳನ್ನ ಒಬ್ಬಳೇ ಬಿಡು. ಬೆಳಿಗ್ಗೆ ಇಷ್ಟೊತ್ತಿಗೆ ಯಾರು ನೋಡ್ತಾರೆ? ಈಜು ಕಲಿಸೋಳು ಕೊನೇವರೆಗೂ ಹೊಟ್ಟೆ ಕೆಳಗೆ ಕೈ ಕೊಟ್ಕೊಂಡೇ ಇರ್ತಾಳಾ?”

“ನೀರಲ್ಲಿ ಮುಳುಗಿದ್ರೆ ಇವಳೊಬ್ಬಳು ಮುಳುಗ್ತಾಳೆ ಕಣೋ. ರಸ್ತೇಲಿ ಹಾಗಾ? ಎದುರಿಗೆ ಬರೋನು, ‘ಬಾರಮ್ಮ, ನನ್ನ ಮೇಲೆ ಕಲಿ’ ಅಂತ ಸಹಿ ಹಾಕಿ ಕೊಟ್ಟಿದಾನಾ? ಎಲ್ ಬೋರ್ಡ್ ಇರೋವರೆಗೂ ಪಕ್ಕದಲ್ಲಿ ಒಬ್ಬರು ಕೂರಲೇಬೇಕು. ಸುಮ್ಮನೆ ಮಾಡಿದಾರಾ ಆ ಕಾನೂನ?”

“ಲೈಸೆನ್ಸ್ ಸಿಕ್ಕಿದ ಮಾರನೇ ದಿನ ಹೇಗೂ ಒಬ್ಬಳೇ ಹೋಗ್ತಾಳಲ್ಲ? ಒಂದು ರಾತ್ರೀಲಿ ಅದೇನು ಬದಲಾಗುತ್ತೆ?”

ಮಾವ ಮಗಳ ಕಡೆ ತಿರುಗಿದ. “ನೀನೇನಂತೀಯಮ್ಮಾ, ಡಿಗ್ರಿ ಮುಗಿಸಿದೋಳು?”

ಅವಳು ಗಂಟುಗಳನ್ನು ಎಣಿಸುವವಳಂತೆ ತಲೆ ತಗ್ಗಿಸಿದಳು. ಮಾವ ಹೇಳಿದ್ದೂ ಸರಿ, ಅಮ್ಮ ಹೇಳಿದ್ದೂ ಸರಿ ಎನಿಸುತ್ತಿತ್ತು. ಅಷ್ಟು ಹೊತ್ತಿಗೆ ಮಾವ ಇನ್ನೊಂದು ಬಟ್ಟೆ ಎಳೆದುಕೊಂಡಾಗಿತ್ತು.

ಹೋಟೆಲಿನ ಹಿಂಬಾಗಿಲಿರುವ ಗಲ್ಲಿ ಒಂದೇ ಗಾಡಿಯ ಅಗಲ. ವ್ಯಾನು ನಿಲ್ಲಿಸಿದ ಕೂಡಲೇ ಕೀಲಿ ಕಿತ್ತುಕೊಂಡೇ ಇಳಿಯುವುದು ಅಮ್ಮನ ಪದ್ಧತಿ. ಇವತ್ತು ಬಾಗಿಲು ಹಿಡಿದು, ಕಾಲನ್ನು ಮೆಲ್ಲಗೆ ನೆಲಕ್ಕೆ ಇಳಿಸುವ ಕಷ್ಟದಲ್ಲಿ ಅದು ಮರೆತುಹೋಯಿತು. ತಳ್ಳುಗಾಡಿಯಲ್ಲಿ ಗಂಟುಗಳನ್ನು ಪೇರಿಸಿಕೊಂಡು ಒಳಗೆ ಹೋದಳು. ಗಂಟು ತಾನೇ ಒಯ್ಯುತ್ತೇನೆಂದು ಮಗಳು ಎಂದೂ ಕೇಳಿದವಳಲ್ಲ. ಒಳಗಿನ ಮೇಲ್ವಿಚಾರಕಿಯ ಹತ್ತಿರ ಮಾತಾಡಬೇಕಲ್ಲ ಎಂಬ ಅಳುಕು.

ಹಿಂದಿನಿಂದ ಹಾರ್ನ್ ಬಡಿದುಕೊಂಡಿತು. ಗ್ಯಾಸ್ ಸಿಲಿಂಡರಿನ ಲಾರಿ. ವಾಚ್‌ಮನ್ ಓಡಿ ಬಂದು ಕಿಟಕಿಗೆ ತಟ್ಟಿದ.

“ಗಾಡಿ ಮುಂದೆ ತೆಗೀರಿ ಮೇಡಂ.”

“ಅಮ್ಮ ಬರ್ತಾರೆ. ಎರಡೇ ನಿಮಿಷ.”

“ನಿಮ್ಮಮ್ಮ ಮೇಲೆ ಹೋಗಿದಾರೆ, ಎರಡು ನಿಮಿಷಕ್ಕೆ ಲಿಫ್ಟೇ ಬರಲ್ಲ. ಸ್ಟೇರಿಂಗ್ ಹಿಡ್ಕೊಂಡು ಕೂತಿರೋದು ನೀವೇ ತಾನೇ?”

“ನಂದು ಎಲ್ ಬೋರ್ಡು.”

“ಕಾಣ್ತಿದೆ, ತಟ್ಟೆಯಷ್ಟು ದೊಡ್ಡದಾಗಿ ಬರೆಸಿದೀರಿ. ತೆಗೀರಿ ಈಗ.”

ಅಮ್ಮನ ನಂಬರ್ ಒತ್ತಿದಳು. ಪಕ್ಕದ ಸೀಟಿನ ಮೇಲಿದ್ದ ಅಮ್ಮನ ಕೈಚೀಲದೊಳಗೇ ಫೋನು ಹಾಡಿತು. ಲಾರಿಯವನು ಹಾರ್ನಿನಿಂದ ಕೈ ತೆಗೆಯಲೇ ಇಲ್ಲ.

ಕೂತೇ ಇರಬಹುದಿತ್ತು. ಬೈಸಿಕೊಂಡು ಸುಮ್ಮನೆ ಕೂರುವುದು ಅವಳಿಗೆ ಹೊಸದೇನಲ್ಲ. ಅದರಲ್ಲಿ ಅವಳ ಕೈ ಪಳಗಿತ್ತು. ಆದರೆ ಕೀಲಿ ಕಣ್ಣೆದುರಿಗೇ ತೂಗುತ್ತಿತ್ತು. ತನಗೆ ಬರುತ್ತದೋ ಇಲ್ಲವೋ ಎಂಬುದು ನಾಳೆಗೆ ಮೊದಲು, ಬೇರೆ ಯಾರಿಗೂ ತಿಳಿಯುವ ಮೊದಲು, ತನಗೆ ಗೊತ್ತಾಗಬೇಕಿತ್ತು. ಆಮೇಲೆ ಯೋಚಿಸಿದಾಗ, ವಾಚ್‌ಮನ್ನಿನ ಮೇಲೆ ತಪ್ಪು ಹೊರಿಸಲು ಅವಳಿಗೆ ಮನಸ್ಸು ಬರಲಿಲ್ಲ. ಕೀಲಿ ತಿರುಗಿಸಿದ ಕೈ ಅವಳದೇ.

ಗಲ್ಲಿ ದಾಟಿದರೆ ಒಮ್ಮುಖ ರಸ್ತೆ. ಹಿಂದಕ್ಕೆ ಬರಲು ಇಡೀ ಕಟ್ಟಡಗಳ ಸಾಲನ್ನೇ ಸುತ್ತಬೇಕು. ಮೊದಲ ತಿರುವು ಸಲೀಸಾಗಿ ಆಯಿತು. ವ್ಯಾನಿನೊಳಗೆ ಇಷ್ಟೊಂದು ಮೌನ ಇರಬಲ್ಲದು ಎಂದು ಅವಳಿಗೆ ಗೊತ್ತಿರಲಿಲ್ಲ. ಎಂಜಿನ್ನಿನ ಸದ್ದೂ ಬೇರೆಯಾಗಿ ಕೇಳಿಸಿತು. ತುಟಿಯ ತುದಿಯಲ್ಲಿ ಸಣ್ಣ ನಗು ಬಂದದ್ದು ಅವಳಿಗೇ ತಿಳಿಯಿತು.

ಎರಡನೆಯ ತಿರುವಿನಲ್ಲಿ ಒಬ್ಬ ಮನುಷ್ಯ ಸುತ್ತಿದ ಹಾಸಿಗೆಯೊಂದನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ಇಳಿದ. ಹಾಸಿಗೆ ಅವನ ಮುಖವನ್ನು ಈ ಕಡೆಯಿಂದ ಪೂರ್ತಿ ಮುಚ್ಚಿತ್ತು. ಅವನಿಗೆ ವ್ಯಾನು ಕಾಣುವಂತಿರಲಿಲ್ಲ. ಅವಳಿಗೆ ಅವನು ಚೆನ್ನಾಗಿ ಕಾಣುತ್ತಿದ್ದ. ಹಾಸಿಗೆಗೆ ಕಟ್ಟಿದ ಹಸಿರು ಹಗ್ಗ, ಸವೆದ ಚಪ್ಪಲಿ, ಎಲ್ಲವೂ. ನೋಡಿದಳು. ಮತ್ತು ಕಾದಳು.

ಪಕ್ಕದ ಸೀಟಿನಲ್ಲಿ ಕೈಚೀಲ ಸುಮ್ಮನೆ ಕೂತಿತ್ತು.

ಕಾಲು ಬ್ರೇಕನ್ನು ತುಳಿದದ್ದು ಯಾವಾಗ ಎಂದು ಅವಳಿಗೆ ತಿಳಿಯಲಿಲ್ಲ. ಹಿಂದೆ ಉಳಿದಿದ್ದ ಗಂಟುಗಳು ಧೊಪ್ಪೆಂದು ಸೀಟಿಗೆ ಬಡಿದವು, ಎಂಜಿನ್ ಕೆಮ್ಮಿ ಆಫ್ ಆಯಿತು. ಹಾಸಿಗೆಯ ತುದಿ ಪಕ್ಕದ ಕನ್ನಡಿಗೆ ತಾಗಿ, ಅದನ್ನು ಒಳಮುಖವಾಗಿ ಮಡಚಿಟ್ಟು ಮುಂದೆ ಹೋಯಿತು. ಹೊತ್ತವನು ಏನೋ ಗುನುಗಿಕೊಳ್ಳುತ್ತಿದ್ದ. ಅವನ ಪಾಲಿಗೆ ಅಲ್ಲಿ ಏನೂ ನಡೆದಿರಲಿಲ್ಲ.

ಕಿಟಕಿ ಇಳಿಸಿ, ಕನ್ನಡಿಯನ್ನು ಮೊದಲಿನಂತೆ ಬಿಡಿಸಿದಳು. ಹಿಂದಿನ ಗಾಡಿಯವರು ಏನೇನೋ ಕೂಗುತ್ತಿದ್ದರು. ಗೇರು ಬಿಡಿಸಿ, ಕೀಲಿ ತಿರುಗಿಸಿ, ಹೊರಟಳು.

ಅಮ್ಮ ಗಲ್ಲಿಯ ಬಾಯಲ್ಲಿ ಖಾಲಿ ತಳ್ಳುಗಾಡಿಗೆ ಒರಗಿ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ವಾಚ್‌ಮನ್ ಮಾತ್ರ, “ನೋಡಿ, ನಾನು ಹೇಳಲಿಲ್ವಾ, ಬರ್ತಾರೆ ಅಂತ,” ಎಂದು ಹಲ್ಲು ಕಿರಿದ. ಅಮ್ಮ ತಳ್ಳುಗಾಡಿಯನ್ನು ವ್ಯಾನಿಗೆ ಹಾಕಿಸಿ, ಹತ್ತಿ ಕೂತು, ಬಾಗಿಲು ಎಳೆದುಕೊಂಡಳು. ಮಗಳು ವ್ಯಾನನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು.

“ಎಲ್ಲೀವರೆಗೆ ಹೋಗಿದ್ದೆ?”

“ಒಂದು ಸುತ್ತು.”

“ಏನಾದ್ರೂ ಆಯ್ತಾ?”

ಇಲ್ಲ ಎನ್ನಬಹುದಿತ್ತು. “ಒಬ್ಬರು ಹಾಸಿಗೆ ಹೊತ್ಕೊಂಡು ಅಡ್ಡ ಬಂದ್ರು. ಕಂಡ್ರಮ್ಮಾ, ಚೆನ್ನಾಗೇ ಕಂಡ್ರು. ಆದ್ರೂ ನೀನು ‘ಸ್ಸ್’ ಅನ್ನಲಿ ಅಂತ ಕಾದೆ.”

“ನಾನೆಲ್ಲಿದ್ದೆ ಅಲ್ಲಿ?”

“ಅದೇ.”

ಆಮೇಲೆ ಇನ್ಸ್‌ಪೆಕ್ಟರು ಕೇಳಿದ ಪ್ರಶ್ನೆಯನ್ನೂ ಹೇಳಿಬಿಟ್ಟಳು. ಸ್ಟೇರಿಂಗ್ ನೋಡುತ್ತಲೇ ಹೇಳಿದಳು. ಅಮ್ಮ ತನ್ನ ಮೊಣಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

“ಇನ್ನೊಂದು ಸಲ ಹೀಗೆ ಮಾಡು, ಕಾಲು ಮುರಿದು ಕೈಗೆ ಕೊಡ್ತೀನಿ.”

“ಯಾರ ಕಾಲು? ನಿಂದು ಹೇಗೂ ಡಾಕ್ಟರಿಗೆ ಕೊಟ್ಟಾಗಿದೆ.”

ಅಮ್ಮನಿಗೆ ನಗು ಬಂತು; ಬಂದದ್ದಕ್ಕೆ ಸಿಟ್ಟೂ ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಆ ಹಾಸಿಗೆಯವನಿಗೆ ಗೊತ್ತಾಯ್ತಾ?”

“ಇಲ್ಲ.”

“ನಿನ್ನ ಪಕ್ಕ ಯಾರೂ ಇಲ್ಲ ಅಂತ ಗೊತ್ತಿದ್ದಿದ್ರೆ ರಸ್ತೆಗೆ ಇಳೀತಿದ್ನಾ?”

ಬ್ರೇಕ್ ಹಾಕಿದ್ದು ತಾನೇ ಎಂಬ ಖುಷಿ ಮಗಳ ಎದೆಯೊಳಗೆ ಇನ್ನೂ ಬೆಚ್ಚಗಿತ್ತು. ಹಾಸಿಗೆಯವನ ಗುನುಗೂ ಅಲ್ಲೇ ಇತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಕೂತಳು.

ಗಾಡಿಗಳು ಪಕ್ಕದಲ್ಲಿ ಸರಿದುಹೋಗುತ್ತಿದ್ದವು. ಅಮ್ಮ ಬೆಲ್ಟ್ ಹಾಕಿಕೊಂಡಳು. ಎರಡೂ ಕಾಲುಗಳನ್ನು ಎತ್ತಿ, ‘ಅಯ್ಯೋ’ ಎನ್ನುತ್ತ ಮುಂದಿದ್ದ ಟವೆಲ್ಲಿನ ಗಂಟಿನ ಮೇಲೆ ಇಟ್ಟಳು.

“ಕಾನೂನಿಗೆ ಇಲ್ಲಿ ಕೂತಿರ್ತೀನಿ. ನನ್ನ ಕಡೆ ನೋಡಬೇಡ, ನನ್ನ ಕಡೆ ಕಿವೀನೂ ಕೊಡಬೇಡ. ತೆಗಿ ಗಾಡಿ.”

“ನೀನು ರಸ್ತೆ ನೋಡಲ್ವಾ?”

“ನೋಡಿ ನೋಡಿ ಸಾಕಾಗಿದೆ.”

ಅಮ್ಮ ಮುಖವನ್ನು ಪಕ್ಕದ ಕಿಟಕಿಗೆ ತಿರುಗಿಸಿಬಿಟ್ಟಳು. ಅವಳ ಕತ್ತಿನ ನರ ಬಿಗಿದಿರುವುದು ಮಗಳಿಗೆ ಕಾಣಿಸಿತು. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ವ್ಯಾನನ್ನು ರಸ್ತೆಗೆ ಸೇರಿಸಿದಳು. ಆಮೇಲೆ ಅವಳಿಗೆ ಆ ಕಡೆ ನೋಡಲು ಪುರುಸೊತ್ತಾಗಲಿಲ್ಲ. ಒಂದು ಬಸ್ಸು ಮುನ್ನುಗ್ಗಿತು, ಬಿಟ್ಟುಕೊಟ್ಟಳು. ಶಾಲೆಯ ಮುಂದೆ ನಿಧಾನಿಸಿದಳು. ಸಿಗ್ನಲ್ ಕೆಂಪಾಯಿತು, ನಿಂತಳು, ಗೆರೆಯ ಈಚೆಗೆ.

“ಏ, ಇಲ್ನೋಡೇ,” ಎಂದಳು ಅಮ್ಮ. ತಕ್ಷಣ, “ಬೇಡ, ನೀನು ನೋಡಬೇಡ. ಮೇಲೆ ಬಾಲ್ಕನೀಲಿ ಒಬ್ಬ ಮುದುಕ ಕೂತ್ಕೊಂಡು ಬೆಕ್ಕಿಗೆ ಪೇಪರ್ ಓದಿ ಹೇಳ್ತಿದಾನೆ.”

“ಬೆಕ್ಕಿಗಾ?”

“ಬೆಕ್ಕಿಗೇ. ಅದೂ ಕೇಳ್ತಾ ಕೂತಿದೆ ಕಣೇ, ಬಾಲ ಸುತ್ತಿಕೊಂಡು. ಇಷ್ಟು ವರ್ಷ ಈ ರಸ್ತೇಲಿ ಓಡಾಡಿದೀನಿ, ಇಲ್ಲೊಂದು ಬಾಲ್ಕನಿ ಇದೆ ಅಂತಾನೇ ಗೊತ್ತಿರಲಿಲ್ಲ.”

ದೀಪ ಹಸಿರಾಯಿತು. ವ್ಯಾನು ಜರ್ಕಿಲ್ಲದೆ ಮುಂದೆ ಸರಿಯಿತು. ಅಮ್ಮ ಕತ್ತು ಹೊರಳಿಸಿ, ಕಿಟಕಿಯ ಗಾಜಿಗೆ ಹಣೆ ಆನಿಸಿ, ಮುದುಕ ಪುಟ ತಿರುವುವುದನ್ನು ತಿರುವು ಬರುವವರೆಗೂ ನೋಡುತ್ತಲೇ ಇದ್ದಳು.